ಸರಿಯೋ ಛತ್ತು

...ಎಡಗೈ ಹೆಬ್ಬೆಟ್ಟಾದ್ರೂ ನಡೀತೈತಂತ ಖಲಂದರ, ಪೊಲೀಸ್ರನ್ನ ಕೇಳ್ಕೊಂಡೇ ಬಂದೀನಿ. ಬಲಗೈ ಹೋದ್ರ ಹೋತು, ಎಡಗೈ ಐತಲ್ಲ. ಯಾಕ ಹಂಗ ನೋಡ್ತಿ? ಇದ್ದದ್ದು ಹೇಳಿದೆ. ಚಾ ಬ್ಯಾಡವಾ ಅಸ್ಮಾ, ನೀ ಒಳಗ ಹೋಗು. ನಿನ್ನ ಗಂಡನ ಕೂಡ ನಾಕು ಮಾತು ಅದಾವು.

ಕಾಗದ ಓದ್ಲೇನು? ಬರೀ ಮೂರು ಸಾಲು. 'ನಾನು ವೆಲ್ಡಿಂಗ್ ಖಲಂದರ. ಕೊಟ್ಟೂರಿನ ಕಬಡ್ಡಿ ಮೈದಾನದ ಸರಿಯುವ ಛತ್ತು ನಾನೇ ಮಾಡಿದ್ದು. ಪಂದ್ಯದ ದಿನ ಯಾರಿಗೂ ತಿಳಿಸದೆ ಮೇಲೆ ಹತ್ತಿದ್ದೆ, ತಪ್ಪು ನನ್ನದೇ.' ಮುಗೀತು.

ನಗಾಕತ್ತೀಯಲ್ಲ, ಯಾಕ? ಛತ್ತು ನಿಂದಲ್ಲೇನು? ಕೇಬಲ್ ಟೀವ್ಯಾಗ ಯಾವ್ದೋ ದೇಶದ ಸ್ಟೇಡಿಯಂ ನೋಡಿ, 'ಜಂಬಣ್ಣ, ಮಳಿ ಬಂದ್ರ ಮುಚ್ಚತೈತಿ, ನಿಂತ್ರ ತೆರೀತೈತಿ, ನಾನೂ ಮಾಡ್ತೀನಿ' ಅಂತ ಓಡಿ ಬಂದವ ನೀನ. ಕಮಿಟಿ ಅಧ್ಯಕ್ಷ ನಾನು, ಹೂಂ ಅಂದೆ. ಮೂರು ತಿಂಗ್ಳು ದುಡದಿ. ಎರಡೂ ಕಡಿ ಹಳಿ, ಹಳಿ ಮ್ಯಾಲೆ ಗಾಲಿ, ಗಾಲಿ ಮ್ಯಾಲೆ ತಗಡು. ಕೆಳಗ ಸ್ವಿಚ್ಚು ಹಾಕಿದ್ರ ಮೋಟ್ರು ಎಳೀತಿತ್ತು. ಮೊದಲ್ನೇ ಸಲ ಸರಿದಾಗ ನೀ ಅತ್ತುಬಿಟ್ಟಿ. ಮಂದಿ ಕುಣದ್ರು... ಖಲಂದರನ ಛತ್ತು, ಖಲಂದರನ ಛತ್ತು. ಜಾಗ ಕೊಡಿಸಿದವ ನಾನು, ಪರ್ಮಿಷನ್ನಿಗೆ ತಿಂಗ್ಳಗಟ್ಲೆ ಅಡ್ಡಾಡಿದವ ನಾನು. ನನ್ನ ಹೆಸರು ಒಬ್ಬರ ಬಾಯಾಗೂ ಬರ್ಲಿಲ್ಲ. ಇರ್ಲಿ ಬಿಡು, ನನಗೇನು ಹೊಟ್ಟಿಕಿಚ್ಚಿಲ್ಲ.

ಏನು? ಇಲ್ಲ ಅಂದ್ನಲ್ಲ.

ಅವತ್ತು ಹಡಗಲಿಯವ್ರ ಕೂಡ ಫೈನಲ್. ಅತಿಥಿಗಳು ಕುಂತಾರ, ಮ್ಯಾಲೆ ಮೋಡ ಕಪ್ಪಾಗೈತಿ. ಗಾಲಿ ಕಚ್ಚಾಕತ್ತೈತಿ, ಎಣ್ಣಿ ಹಾಕ್ಬೇಕು ಅಂತ ನೀ ಅಂದಿ. ಹೌದು... ನನಗ ಅಂದಿ. ಹತ್ತು ಅಂದವನೂ ನಾನ. ಈಗ ಅದನ್ನ ಕಾಗದದಾಗ ಬರದ್ರ ನಿನ್ನ ಕೈ ಮತ್ತ ಚಿಗೀತೈತೇನು? ಇಲ್ಲಲ್ಲ. ಕೈ ಇಲ್ದವನಿಗೆ ವೆಲ್ಡಿಂಗ್ ಕೆಲಸ ಯಾರು ಕೊಡ್ತಾರ? ನಾನು ಕೊಡ್ತೀನಿ, ಮೈದಾನದ ಗೇಟು ಕಾಯಿ. ಕುಂತ್ಕೊಂಡು ನಿನ್ನ ಛತ್ತು ನೋಡ್ತಾ ಇರು.

ಹನಿ ಬಿದ್ವು. ಅತಿಥಿಗಳು ಕರವಸ್ತ್ರ ತಗದು ತಲಿ ಮ್ಯಾಲೆ ಹಾಕ್ಕೊಂಡ್ರು. ಊರಿಗೆ ಊರೇ ನನ್ನ ಮುಖ ನೋಡಾಕತ್ತಿತು. ನೀ ಇಳದೀ ಅನ್ಕಂಡೆ, ಸ್ವಿಚ್ಚು ಹಾಕಿದೆ. ಇಷ್ಟೇ. ನೀ ಕೂಗಿದ್ದು ಆ ಗದ್ದಲದಾಗ ನನಗ ಕೇಳ್ಲಿಲ್ಲ...

ಯಾಕ ತಲಿ ಅಲ್ಲಾಡಿಸ್ತಿ?

ಕೂಗ್ಲಿಲ್ಲಾ? ಸುಳ್ಳು. ಸ್ವಿಚ್ಚಿನ ಹತ್ರ ನಾ ಹೋಗಿದ್ದು ಮ್ಯಾಲಿಂದ ಕಾಣ್ತೈತಿ. ಹಳಿ ಮ್ಯಾಲೆ ಕೈ ಇಟ್ಟವ ಸುಮ್ನ ಹೆಂಗಿರ್ತಾನ? ನಾನಾಗಿದ್ರ ಊರು ಕೇಳೋಹಂಗ ಒದರ್ತಿದ್ದೆ. ನೀ ಯಾಕ ಒದರ್ಲಿಲ್ಲ?

ಮಾತಾಡಲೇ ಖಲಂದರ.

...ನಾ ನೋಡಿದ್ದನ್ನ ನೀ ನೋಡಿದ್ದೇನು?

ಸ್ವಿಚ್ಚು ಹಾಕೋ ಮುಂಚೆ ನಾ ತಲಿ ಎತ್ತಿದ್ದು... ನಿನ್ನ ಕಣ್ಣು ನನ್ನ ಕಣ್ಣು ಕೂಡಿದ್ದು... ಅದು ನಿನಗ ನೆನಪೈತಿ. ಅಣ್ಣ ನನ್ನ ನೋಡ್ಯಾನ, ಇನ್ನ ಹಾಕಂಗಿಲ್ಲ ಅಂತ ನಂಬಿದಿ. ಅದಕ್ಕ ನೀ ಕೂಗ್ಲಿಲ್ಲ. ಅದಕ್ಕ ನೀ ಕೈ ತಗೀಲಿಲ್ಲ.