ಎಡಗೈ ಕತ್ತರಿಗೆ ಸಾಣೆ

ಎಲ್ಲರೂ ಮಾಸ್ಟರ್ ಎಂದೇ ಕರೆಯುವ ನಾನು, ವಯಸ್ಸು 46 ವರ್ಷ, ಬಟ್ಟೆ ಕತ್ತರಿಸಿ ಹೊಲಿಯುವ ಕೆಲಸ, ವಾಸ ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಮಹಡಿ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿಯೂ ಇದೇ ಕಸುಬಿನವಳು. ಹೋದ ವರ್ಷ ನನ್ನನ್ನು ಬಿಟ್ಟು ಹೋಗಿ, ಎದುರು ಸಾಲಿನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ಕುಡಿಯುವವನಲ್ಲ, ಕೈ ಎತ್ತಿದವನೂ ಅಲ್ಲ. ನಾನು ಬಾಯಿ ಬಿಡುವುದಿಲ್ಲ, ಗೋಡೆಯ ಜೊತೆ ತಾನು ಎಷ್ಟು ದಿನ ಸಂಸಾರ ಮಾಡಬೇಕು ಎಂಬುದೇ ಆಕೆಯ ದೂರು. ಆ ದೂರಿಗೂ ನಾನು ಉತ್ತರ ಕೊಡಲಿಲ್ಲ.

ಆಕೆ ಎಡಚಿ. ಎಡಗೈ ಕತ್ತರಿಯ ಅಲಗು ಉಲ್ಟಾ ಇರುತ್ತದೆ. ಬೀದಿಯ ಸಾಣೆಯವರು ಅದನ್ನು ಮಾಮೂಲಿ ಕತ್ತರಿಯಂತೆ ಹಿಡಿದು ಕುಲಗೆಡಿಸುತ್ತಾರೆ. ಮದುವೆಯಾದಾಗಿನಿಂದ ಅದಕ್ಕೆ ಸಾಣೆ ಹಿಡಿಯುತ್ತಿದ್ದವನು ನಾನು. ಈಚೆಗೆ ಆಕೆ ಎರಡೂ ಕೈ ಹಾಕಿ ಒತ್ತಿ ಒತ್ತಿ ಬಟ್ಟೆ ಕತ್ತರಿಸುವುದು, ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡಿರುವುದು ನನ್ನ ಅಂಗಡಿಗೆ ಕಾಣುತ್ತಿತ್ತು.

ಇಂದು ಮಧ್ಯಾಹ್ನ 1-30ಕ್ಕೆ ಅವರೆಲ್ಲ ಊಟಕ್ಕೆ ಹೋಗಿದ್ದಾಗ, ಬಾಗಿಲು ತೆರೆದೇ ಇದ್ದ ಆ ಅಂಗಡಿಗೆ ಹೋಗಿ ಆಕೆಯ ಕತ್ತರಿ ತಂದೆನು. ಸಾಣೆ ಹಿಡಿದು 2-10ಕ್ಕೆ ವಾಪಸ್ಸು ಇಡುತ್ತಿರುವಾಗ ಮಾಲೀಕಮ್ಮ ಬಂದರು. ಕತ್ತರಿ ಹಿಡಿದು ನಿಂತ ಗಂಡಸನ್ನು ಕಂಡು ಅವರು ಕೂಗಿಕೊಂಡದ್ದು ತಪ್ಪಲ್ಲ. ಕದಿಯಲು ಬಂದೆಯೋ, ಇರಿಯಲು ಬಂದೆಯೋ ಎಂದು ಕೇಳಿದರು. ಆಗಲೂ ನನ್ನ ಬಾಯಿಗೆ ಬೀಗವೇ. ಅವರು ಪೊಲೀಸರನ್ನು ಕರೆಸಿದರು.

ವಿಷಯ ತಿಳಿದು ಠಾಣೆಗೆ ಬಂದ ನನ್ನ ಹೆಂಡತಿ, ಸಾಹೇಬರ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಹೆಬ್ಬೆರಳಿನ ಚಿಂದಿಯನ್ನೇ ಬಿಚ್ಚಿ ಕತ್ತರಿಸಿ ನೋಡಿದಳು. ಬೆಣ್ಣೆಯಂತೆ ಕತ್ತರಿಸಿತು. ಆಕೆಯ ಮಾತಿನಲ್ಲೇ ಹೇಳುವುದಾದರೆ, "ಇವರು ಕಳ್ಳರಲ್ಲ ಸಾರ್. ಬಾಯಲ್ಲಿ ಹೇಳ್ಬೇಕಾದ್ದನ್ನ ಕೈಯಲ್ಲಿ ಮಾಡ್ತಾರೆ, ನಂಗೆ ಅದೇ ಸಾಕಾಗಿ ಹೋಗಿದ್ದು." ಕತ್ತರಿ ತನ್ನದೇ ಆದ್ದರಿಂದ ದೂರು ಬೇಡವೆಂದೂ, ತಾನು ವಾಪಸ್ಸು ಬರುವುದಿಲ್ಲವೆಂದೂ ತಿಳಿಸಿದಳು.

ಹಾಗಾದರೆ ಯಾಕೆ ಈ ಕೆಲಸ ಮಾಡಿದೆ ಎಂದು ಸಾಹೇಬರು ನನ್ನನ್ನು ಕೇಳಿದ್ದಕ್ಕೆ, ನನಗೆ ಆಕೆಯೆಂದರೆ ಬಹಳ ಪ್ರೀತಿ, ಈಗಲೂ ಇದೆ ಎಂದು ಹೇಳಿದೆನು. ಬರೆದುಕೊಳ್ಳುತ್ತಿದ್ದ ರೈಟರ್, ಇಂಥದ್ದೆಲ್ಲ ಹೇಳಿಕೆಯಲ್ಲಿ ಬರುವುದಿಲ್ಲ ಎಂದರು. ಅದನ್ನು ಬರೆಯದೆ ಸಹಿ ಹಾಕುವುದಿಲ್ಲ ಎಂದು ನಾನು ಪಟ್ಟು ಹಿಡಿದೆನು.

ಇಷ್ಟನ್ನೂ ನನಗೆ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಬೆಂಚಿನ ಮೇಲೆ ಕುಳಿತಿದ್ದ ನನ್ನ ಹೆಂಡತಿ ಕೇಳಿಕೊಂಡಿದ್ದರಿಂದ, ಪ್ರೀತಿಯ ಸಾಲನ್ನು ಮಾತ್ರ ಇನ್ನೊಂದು ಸಲ ಓದಲಾಯಿತು.

ಸ್ಥಳ: ಠಾಣೆ
ದಿನಾಂಕ: 12, ಮಂಗಳವಾರ
ಸಹಿ: ಮಾಸ್ಟರ್