ಹಾದಿ ಖಾಲಿ ಎನ್ನದ ಓರ್ಸೊಲಾ

ಅಕ್ಟೋಬರ್ ಮಳೆ ಮಧ್ಯಾಹ್ನದಿಂದ ಒಂದೇ ಸಮನೆ ಹುಯ್ಯುತ್ತಿತ್ತು. ಸಂಜೆ ಐದಕ್ಕೆಲ್ಲ ಎದುರಿನ ಬೆಟ್ಟ ಮಂಜಿನಲ್ಲಿ ಮರೆಯಾಯಿತು, ಅದರ ಹಿಂದೆಯೇ ಕರೆಂಟೂ ಹೋಯಿತು. ನಾನು ತೂತಿನ ಬಾಣಲೆಯಲ್ಲಿ ಚೆಸ್ಟ್‌ನಟ್ ಕಾಯಿ ಹುರಿಯುತ್ತಿದ್ದೆ. ಮಕ್ಕಳಿಬ್ಬರೂ, ನಿವೆಸ್ ಮತ್ತು ತುಲ್ಯೊ, ಒದ್ದೆ ಕಾಲುಚೀಲ ಬಿಚ್ಚಿ ಒಲೆಗೆ ಅಂಟಿಕೊಂಡು ಕೂತಿದ್ದರು. ತುಲ್ಯೊನ ಚಡ್ಡಿಯ ಹಿಂದೆ ಪಾಚಿ ಮೆತ್ತಿದ್ದನ್ನು ನನಗಿಂತ ಮೊದಲು ಕಂಡವರು ಮಾವ.

"ಎದುರು ಬೆಟ್ಟದ ಹಳೇ ಜಾರುಹಾದಿಗೆ ಇಳಿದಿದ್ರಾ?"

"ನಾನಲ್ಲ ಅಜ್ಜ, ಇವಳೇ ಕರ್ಕೊಂಡು ಹೋಗಿದ್ದು."

"ಸುಳ್ಳುಬುರುಕ! ರಟ್ಟಿನ ಮೇಲೆ ಕೂತು ಜಾರಿದ್ದು ಯಾರೋ?" ಎಂದು ನಿವೆಸ್ ತಮ್ಮನ ಕಿವಿ ಹಿಂಡಿದಳು.

ಹರೆಯದಲ್ಲಿ ಆ ಹಾದಿಗೆ ನೀರು ಹಾಯಿಸಿ ಮಂಜುಗಡ್ಡೆ ಕಟ್ಟುತ್ತಿದ್ದವರು ನಮ್ಮ ಮಾವ ಬೊರ್ತೊಲೊ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸೇದುತ್ತಿದ್ದ ಹೊಗೆಸೊಪ್ಪಿನ ಪೈಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮಕ್ಕಳನ್ನು ಹತ್ತಿರ ಕರೆದರು.

"ಈಗ ನೀವು ನೋಡೋದು ಬರೀ ಸಿಮೆಂಟಿನ ಗಟಾರ ಕಣ್ರೋ. ಒಳಗೆ ಪಾಚಿ, ಮರ, ಯಾರ್ಯಾರೋ ಬಳಿದ ಬಣ್ಣ. ಆದ್ರೆ ನಾವು ನೀರು ಚಿಮುಕಿಸಿ ಚಿಮುಕಿಸಿ, ಕೈಯಲ್ಲೇ ಸವರಿ, ಗಾಜಿನ ಹಂಗೆ ಮಾಡಿದ್ವಲ್ಲ, ಆಗ ನೋಡ್ಬೇಕಿತ್ತು... ನಾಲ್ಕು ಜನ ಕೂತ ಬಾಬ್‌ಸ್ಲೆಡ್ ಅನ್ನೋ ಜಾರುಬಂಡಿ ಗುಡುಗ್ತಾ ಬರೋದು, ಒಬ್ಬೊಬ್ಬರೇ ಚಿಕ್ಕ ಸ್ಲೆಡ್ ಮೇಲೆ ಅಂಗಾತ ಮಲಗಿ ಬರೋರು ಕೆಲವರು, ಬೋರಲು ಮಲಗಿ ತಲೆ ಮುಂದೆ ಮಾಡಿ ಬರೋರು ಕೆಲವರು. ಕೆಳಗೆ ಗೋಪುರದಲ್ಲಿ, ಮೈಕಿನ ಮುಂದೆ, ನನ್ನಕ್ಕ ಓರ್ಸೊಲಾ. ಯಾರು ಹೊರಟ್ರು, ಯಾವ ತಿರುವಿಗೆ ಬಂದ್ರು, ಎಲ್ಲ ಅವಳೇ ಕೂಗ್ಬೇಕು. ಸ್ಲೆಡ್ ನಿಂತು, ಸವಾರ ಎದ್ದು ಹೊರಗೆ ಬಂದ ಮೇಲೆ 'ಹಾದಿ ಖಾಲಿ' ಅನ್ನೋಳು. ಆ ಮಾತು ಬರೋವರೆಗೆ ಮೇಲೆ ಇನ್ನೊಬ್ಬ ಹೊರಡೋ ಹಂಗಿಲ್ಲ. ಯಾಕೆ? ಖಾಲಿ ಅನ್ನೋವರೆಗೂ ಒಳಗೆ ಒಬ್ಬ ಇದಾನೆ ಅಂತಲೇ ಅರ್ಥ.

"ಅವಳ ಗಂಡ ಜೆನೊ ಬೋರಲು ಮಲಗೋ ಪೈಕಿ. ಊಟಕ್ಕೆ ಕೂತ್ರೂ ಕಣ್ಮುಚ್ಚಿ ತಲೆ ವಾಲಿಸ್ತಾ, ಮನಸ್ಸಲ್ಲೇ ತಿರುವು ದಾಟ್ತಾ ಇರೋನು. 'ಎಲ್ಲಿದೀಯಪ್ಪ ಮಹರಾಯ, ಸೂಪು ಆರ್ತಾ ಇದೆ' ಅಂತ ಅಕ್ಕ ಚುಡಾಯಿಸೋಳು. 'ಒಂಬತ್ತರಲ್ಲಿದೀನಿ, ತಡಿಯೇ, ಬಂದೆ' ಅನ್ನೋನು.

"ಒಂದು ಫೆಬ್ರವರಿ ಬೆಳಿಗ್ಗೆ, ಜೆನೊನ ಅಭ್ಯಾಸದ ಓಟ. ಅಕ್ಕ ಕೂಗ್ತಿದಾಳೆ... ಏಳು... ಎಂಟು... ಒಂಬತ್ತು... ಹತ್ತು ಅನ್ನೋಕೆ ಬಾಯಿ ತೆರೆದೋಳು ಹಂಗೇ ನಿಂತ್ಲು. ನಾವೆಲ್ಲ ಒಂಬತ್ತನೇ ತಿರುವಿಗೆ ಓಡಿದ್ವಿ. ಗೋಡೆ ದಾಟಿಸಿ ಎತ್ತಿಕೊಂಡ್ವಿ, ಮಣ್ಣು ಮಾಡಿದ್ವಿ... ಆ ಗೋಳಲ್ಲಿ ಒಂದು ಮಾತು ಉಳಿದೇ ಹೋಯ್ತು. ಹಾದಿ ಖಾಲಿ ಅಂತ ಯಾರೂ ಅನ್ಲಿಲ್ಲ. ಆಮೇಲೆ ಅಲ್ಲಿ ಓಟ ನಡೀಲೇ ಇಲ್ಲ. ಪಂದ್ಯಗಳು ಬೇರೆ ಊರಿನ ಹೊಸ ಹಾದಿಗೆ ಹೋದ್ವು. ತಂತಿ ಕಿತ್ತರು, ಮೈಕು ಒಯ್ದರು.

"ಅಕ್ಕ ಮಾತ್ರ ಸಂಜೆಯಾದ್ರೆ ಗೋಪುರ ಹತ್ತೋಳು. ಒಂದಿನ ಕರ್ಕೊಂಡು ಬರೋಣ ಅಂತ ಹೋದೆ. ಜೂನ್ ತಿಂಗಳು, ಹುಲ್ಲು ಕೊಯ್ಯೋ ಕಾಲ, ಹಿಮದ ಹೆಸರೂ ಇಲ್ಲ. ಅವಳು ಬರೀ ಗಾಳಿಗೆ ಕೂಗ್ತಿದಾಳೆ. 'ಜೆನೊ ಹೊರಟ... ಒಂದು... ಎರಡು...' ಮೇಲಿಂದ, ಬಟ್ಟೆ ಹರಿದ ಹಂಗೆ ಸದ್ದು! ಮಂಜುಗಡ್ಡೆ ಮೇಲೆ ಉಕ್ಕು ಓಡೋ ಸದ್ದು ನನಗೆ ಗೊತ್ತಿಲ್ವಾ? ಅವಳು ಕೂಗಿದ ಹಂಗೇ ತಿರುವಿಂದ ತಿರುವಿಗೆ ಇಳೀತಾ ಬಂತು. ಒಂಬತ್ತು ಅಂದ್ಲು. ಸದ್ದು ನಿಂತೋಯ್ತು... ಅವಳ ಕೆನ್ನೆ ನೋಡ್ತೀನಿ, ಮದುಮಗಳ ಹಂಗೆ ಕೆಂಪಾಗಿದೆ.

"'ಅಕ್ಕಾ, ಮಿಕ್ಕ ತಿರುವೂ ಕೂಗಿಬಿಡೇ, ಹಾದಿ ಖಾಲಿ ಅಂದ್ಬಿಡೇ. ಪಾಪ, ಅವನು ಎದ್ದು ಹೋಗ್ಲಿ' ಅಂದೆ. 'ಹೋಗ್ಲಿ ಅಂತ ಎಷ್ಟು ಸಲೀಸಾಗಿ ಅಂತೀಯೋ!' ಅಂದ್ಲು. 'ಅವನು ಎದ್ದು ಹೋದ್ರೆ ನಾಳೆ ಸಂಜೆ ನಾನು ಯಾರನ್ನ ಕೂಗ್ಲಿ?' ಏನು ಹೇಳ್ತೀರಿ ಅದಕ್ಕೆ? ತಲೆ ಹಣ್ಣಾಗೋವರೆಗೂ ಕೂಗಿದ್ಲು. ಹೋದ ವರ್ಷ ಅವಳೂ ತೀರಿಕೊಂಡ್ಲಲ್ಲ... ಆ ಮಾತು ಹೇಳದೇನೇ ಹೋದ್ಲು."

"ಈಗ ಕೂಗೋರು ಇಲ್ವಲ್ಲ," ಎಂದಳು ನಿವೆಸ್. "ಸದ್ದೂ ಬರಲ್ಲ, ಅಲ್ವಾ?"

"ಹಂಗೇ ಅಂದ್ಕೊಂಡಿದ್ದೆ ಮಗಾ. ಅವಳನ್ನ ಮಣ್ಣು ಮಾಡಿ ಬಂದ ಸಂಜೆ ಗೋಪುರಕ್ಕೆ ಬೀಗ ಹಾಕೋಣ ಅಂತ ಹೋದೆ. ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ ಅಷ್ಟೇ... ಮೇಲಿಂದ ಅಕ್ಕ ಕೂಗ್ತಿದಾಳೆ. ಹಾಸಿಗೆ ಹಿಡಿದಿದ್ದ ಮುದುಕಿ ದನಿಯಲ್ಲ. ಹರೆಯದ ದನಿ."

ತುಲ್ಯೊ ಸೆರಗಿನಂತೆ ಇಳಿಬಿದ್ದ ನನ್ನ ಶಾಲಿನೊಳಗೆ ತೂರಿಕೊಂಡ. ನಿವೆಸ್ ಮಾತ್ರ ಬಿಡಲಿಲ್ಲ.

"ಹಾಗಾದ್ರೆ ನೀನೇ ಹೇಳ್ಬಿಡು ಅಜ್ಜ, ಹಾದಿ ಖಾಲಿ ಅಂತ. ಇಬ್ರೂ ಆರಾಮಾಗಿ ಹೋಗ್ಲಿ."

"ಹೇಳ್ಬಹುದು. ಎರಡೇ ಎರಡು ಮಾತು. ಹೇಳಲೇಬೇಕು ಅಂತ ಎಷ್ಟು ಸಲ ಹೋಗಿ ನಿಂತಿಲ್ಲ ನಾನು?... ನನ್ನಮ್ಮ ಹೋದಾಗ ನಾನು ತುಲ್ಯೊಗಿಂತ ಚಿಕ್ಕೋನು. ತಲೆ ಬಾಚಿದೋಳು ಅಕ್ಕ, ಜೋಳದ ಹಿಟ್ಟಿನ ಪೊಲೆಂಟ ಕಲಸಿ ತಿನ್ನಿಸಿದೋಳು ಅಕ್ಕ. ಆ ದನಿ ಕೇಳೋಕೆ ನಾನು ಇನ್ನೆಲ್ಲಿಗೆ ಹೋಗ್ಲಿ ಹೇಳು?"

ಬಾಣಲೆಯಲ್ಲಿ ಚೆಸ್ಟ್‌ನಟ್ ಸೀಯುವ ವಾಸನೆ ಬಂದಾಗಲೇ ನನಗೆ ಎಚ್ಚರ. ಇಳಿಸಿಟ್ಟು, ಎರಚಲು ಬರುತ್ತದೆಂದು ಕಿಟಕಿ ಮುಚ್ಚಲು ಎದ್ದೆ.

"ಬೇಡಮ್ಮ, ಒಂಚೂರು ತೆರೆದಿರ್ಲಿ," ಎಂದರು ಮಾವ. ಅವರ ಮುಖ ಬೆಟ್ಟದ ಕಡೆಗಿತ್ತು. "ಅದಕ್ಕೇ ಮಕ್ಕಳಾ, ಆ ಹಾದಿಗೆ ಇಳೀಬೇಡಿ ಅನ್ನೋದು. ಒಳಗೆ ಜನ ಇದಾರೆ... ಶ್... ಅಕ್ಕ ಈಗ ಐದು ಅಂದ್ಲು."