ಕೀರ್ತಿ ತಂದವರು

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಸಾಲಿನಲ್ಲಿ ಬೀಗ ರಿಪೇರಿಯವನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಕಿವಿ ಮುಚ್ಚಿಕೊಳ್ಳೋಣವೆಂದರೆ ಅವನ ಎರಡೂ ಕೈಯಲ್ಲಿ ಚೀಲ.

"ನಮ್ಮೂರ ಹೈಸ್ಕೂಲಿನ ಸನ್ಮಾನದಲ್ಲಿ ನಿಮ್ಮಕ್ಕನ ಹೆಸರೇ ಇಲ್ವಂತಲ್ಲೇ?"

"ಎಲ್ಲಿಂದ ಇರುತ್ತೆ? ಊರಿಗೆ ಕೀರ್ತಿ ತಂದ ಹಳೇ ವಿದ್ಯಾರ್ಥಿಗಳಿಗೆ ಮಾತ್ರವಂತೆ."

"ಅಕ್ಕನೂ ಅಲ್ಲೇ ಓದಿದ್ದಲ್ವಾ?"

"ಈಗ ಸನ್ಮಾನ ಮಾಡಿಸ್ಕೊಳ್ತಿರೋ ಆ ಜಡ್ಜ್ ಸಾಹೇಬರ ಕ್ಲಾಸೇ! ಆದ್ರೆ ಕೀರ್ತಿ ತರೋಕೆ ಮೊದಲು ಊರು ಬಿಟ್ಟು ಹೋಗಿರಬೇಕಂತೆ. ಇವಳು ಊರಲ್ಲೇ ಆಂಬುಲೆನ್ಸ್ ಓಡಿಸ್ಕೊಂಡು ಬಿದ್ದಿದಾಳಲ್ಲ!"

"ಅಯ್ಯೋ, ನಮ್ಮ ಮಾವನ್ನ ಉಳಿಸಿದ್ದು ಅವಳೇ ಕಣೇ."

"ಅದನ್ನೇ ಸನ್ಮಾನ ಸಮಿತಿ ಸೆಕ್ರೆಟರಿನ ಕೇಳ್ದೆ. ಸಾಯೋರನ್ನ ಜೀವ ಸಮೇತ ವಾಪಸ್ ತಂದಿದ್ದು ತಂದ ಹಾಗಲ್ವೇನ್ರೀ ಅಂತ."

"ಏನಂದ?"

"ಹಲ್ಲು ಕಿರಿದ. 'ಅಕ್ಕನ್ನ ಮರೀತೀವಾ ತಾಯಿ? ಅವರಿಗೂ ಒಂದು ಜಾಗ ಇಟ್ಟಿದೀವಿ' ಅಂದ."

"ವೇದಿಕೆ ಮೇಲಾ?"

"ಗೇಟಿನ ಹೊರಗೆ! ಗಾಡಿ ಸಮೇತ! ಹೊಗಳಿಕೆ ಕೇಳ್ತಾ ಕೇಳ್ತಾ ದೊಡ್ಡೋರಿಗೆ ಎದೆನೋವು ಬಂದ್ರೆ ಬೇಕಲ್ಲ ಅಂತ!"

ಟಿಕೆಟ್ ಇಸಿದುಕೊಂಡು ಇಬ್ಬರೂ ಬಸ್ಸಿನತ್ತ ನಡೆದರು. ಆ ಸೆಕ್ರೆಟರಿಯ ಮೇಲೆ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಬೀಗದವನು ಕಿಟಕಿಗೆ ಬಗ್ಗಿ, ಸನ್ಮಾನ ನಡೆಯಲಿದ್ದ ಅದೇ ಊರಿಗೆ ಒಂದು ಟಿಕೆಟ್ ಕೇಳಿದ.